ಕ್ಯಾಪ್ಟನ್ ಮಾತಾಡ್ಬೇಕಾ, ಇಲ್ಲಾ ಸುಮ್ನೆ ಪ್ಲೇನ್ ಓಡಿಸಿದ್ರೆ ಸಾಕಾ?

ಪ್ರಶ್ನೆ: ನಂಗೆ ವಿಮಾನದಲ್ಲಿ ಕೂತ್ರೆ ಸ್ವಲ್ಪ ಭಯ. ಕೆಲವು ಫ್ಲೈಟ್‌ಗಳಲ್ಲಿ ಪೈಲಟ್ ಹೊರಡೋಕೆ ಮುಂಚೆಯಿಂದ ಇಳಿಯೋವರೆಗೂ ಏನಾದ್ರೂ ಹೇಳ್ತಾನೇ ಇರ್ತಾರೆ, ಇನ್ನು ಕೆಲವದ್ರಲ್ಲಿ ಮುಂದೆ ಪೈಲಟ್ ಇದಾರೋ ಇಲ್ವೋ ಅನ್ನೋದೇ ಗೊತ್ತಾಗಲ್ಲ. ಮೊನ್ನೆ ಒಂದು ಫ್ಲೈಟಲ್ಲಿ ಇನ್ನೇನು ನೆಲ ಮುಟ್ತು ಅನ್ನುವಾಗ ಇಂಜಿನ್ ಜೋರಾಗಿ ಸೌಂಡ್ ಮಾಡ್ಕೊಂಡು ಪ್ಲೇನ್ ಮತ್ತೆ ಮೇಲಕ್ಕೆ ಹೋಯ್ತು. ಐದಾರು ನಿಮಿಷ ಯಾರೂ ತುಟಿ ಬಿಚ್ಚಲಿಲ್ಲ, ಪಕ್ಕದ ಸೀಟಿನವರು ಅಳೋಕೇ ಶುರು ಮಾಡಿದ್ರು. ಪ್ರಯಾಣಿಕರ ಜೊತೆ ಪೈಲಟ್ ಮಾತಾಡ್ಲೇಬೇಕು ಅಂತ ರೂಲ್ ಇಲ್ವಾ? ಮಾತಾಡಿದ್ರೆ ಒಳ್ಳೇದಾ, ಅಥವಾ ಅವರ ಪಾಡಿಗೆ ಅವರನ್ನ ಬಿಟ್ರೆ ಒಳ್ಳೇದಾ?

ಉತ್ತರ: ಮಾತಾಡ್ಬೇಕು. ಆದ್ರೆ ನೀವು ಮಾತಾಡ್ಲಿ ಅಂತ ಕಾಯ್ತಾ ಇದ್ರಲ್ಲ, ಆ ಐದಾರು ನಿಮಿಷದಲ್ಲಿ ಮಾತ್ರ ಬೇಡ. ವಿಚಿತ್ರ ಅನ್ನಿಸಬಹುದು, ಆದ್ರೆ ಆ ಹೊತ್ತಲ್ಲಿ ಕ್ಯಾಪ್ಟನ್ ಮೈಕ್ ಹಿಡ್ಕೊಂಡು ನಿಮಗೆ ಸಮಾಧಾನ ಹೇಳ್ತಾ ಕೂತಿದ್ರೆ ಕಾಕ್‌ಪಿಟ್‌ನಲ್ಲಿ ಪಕ್ಕದ ಸೀಟಲ್ಲಿ ಪೈಲಟ್‌ಗಳ ಕೆಲಸ ಚೆಕ್ ಮಾಡೋಕೆ ಕೂತಿರೋ ನಾನು ಅವರನ್ನ ಸುಮ್ನೆ ಬಿಡ್ತಿರಲಿಲ್ಲ.

ನಿಮಗಾಗಿದ್ದು ಗೋ ಅರೌಂಡ್. ಲ್ಯಾಂಡಿಂಗ್ ಸರಿ ಬರ್ತಿಲ್ಲ ಅನ್ನಿಸಿದ್ರೆ ಬಿಟ್ಟು ಮೇಲಕ್ಕೆ ಹೋಗೋದು, ಅಷ್ಟೇ. ಮುಂದೆ ಇಳಿದ ಪ್ಲೇನ್ ಇನ್ನೂ ರನ್‌ವೇ ಖಾಲಿ ಮಾಡಿಲ್ಲ, ಗಾಳಿ ಸಡನ್ನಾಗಿ ಬದಲಾಯ್ತು, ಸ್ಪೀಡ್ ಸ್ವಲ್ಪ ಜಾಸ್ತಿ ಇದೆ, ಇಂಥ ಯಾವ ಕಾರಣಕ್ಕಾದ್ರೂ ಮಾಡ್ತಾರೆ. ಹೆಚ್ಚಿನ ಕಂಪನಿಗಳಲ್ಲಿ ಒಂದು ಗೆರೆ ಎಳೆದಿರ್ತಾರೆ, ಮೋಡ ಮಬ್ಬು ಇದ್ರೆ 1,000 ಅಡಿ ಎತ್ತರದಲ್ಲಿ, ಚೆನ್ನಾಗಿ ಕಾಣ್ತಾ ಇದ್ರೆ 500 ಅಡಿಯಲ್ಲಿ, ಅಷ್ಟೊತ್ತಿಗೆ ಸ್ಪೀಡು, ಇಳಿಯೋ ವೇಗ, ಚಕ್ರ, ಫ್ಲ್ಯಾಪು (ರೆಕ್ಕೆ ಹಿಂದೆ ಹೊರಚಾಚೋ ಹಲಗೆ) ಎಲ್ಲಾ ಸರಿಯಾಗಿ ಕೂತಿರ್ಬೇಕು, ಇಲ್ಲಾಂದ್ರೆ ವಾದ ಇಲ್ಲ, ಮೇಲಕ್ಕೆ ಹೋಗ್ಬೇಕು. ನಿಮಗೆ ಅದು ಜೀವ ಬಾಯಿಗೆ ಬಂದ ಕ್ಷಣ, ಅವರಿಗೆ ಸಿಮ್ಯುಲೇಟರಲ್ಲಿ ಮತ್ತೆ ಮತ್ತೆ ಮಾಡಿ ಬಂದಿರೋ ಕೆಲಸ.

ಆದ್ರೆ ಆ ಕೆಲಸ ಬಿಡುವಿಲ್ಲದ ಕೆಲಸ. ಇಂಜಿನ್ ಪೂರ್ತಿ ಪವರ್‌ಗೆ, ಮೂತಿ ಮೇಲಕ್ಕೆ, ಫ್ಲ್ಯಾಪ್ ಒಂದು ಹಂತ ಒಳಗೆ, ಮೇಲೇರ್ತಾ ಇರೋದು ಖಚಿತ ಆದ್ಮೇಲೆ ಚಕ್ರ ಒಳಗೆ, ಅಷ್ಟರಲ್ಲಿ ಏರೋದನ್ನ ನಿಲ್ಲಿಸಬೇಕಾದ ಎತ್ತರ ಬಂದೇ ಬಿಡುತ್ತೆ, ಯಾಕಂದ್ರೆ ದಾರೀಲಿ ಇಂಧನ ಎಲ್ಲಾ ಸುಟ್ಟು ಪ್ಲೇನ್ ಹಗುರ ಆಗಿರುತ್ತೆ, ಇಂಜಿನ್ ಪವರ್ ಮಾತ್ರ ಹಾಗೇ ಇರುತ್ತೆ. ಮಧ್ಯದಲ್ಲಿ ಎಟಿಸಿಯವರು, ಅಂದ್ರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್‌ಗಳು, ಹೊಸ ದಿಕ್ಕು ಹೇಳ್ತಾರೆ, ಹೊಸ ರೇಡಿಯೋ ಫ್ರೀಕ್ವೆನ್ಸಿ ಕೊಡ್ತಾರೆ. ಆಮೇಲೆ ಚೆಕ್‌ಲಿಸ್ಟ್, ಆಮೇಲೆ ಟ್ಯಾಂಕಲ್ಲಿ ಎಷ್ಟಿದೆ, ಇಲ್ಲೇ ಇನ್ನೊಂದು ಸಲ ಟ್ರೈ ಮಾಡೋದಾ ಬೇರೆ ಊರಿಗೆ ಹೋಗೋದಾ ಅನ್ನೋ ಲೆಕ್ಕ. ಇಷ್ಟೆಲ್ಲಾ ಮುಗಿಯೋಕೆ ನಾಲ್ಕೈದು ನಿಮಿಷ ಬೇಕೇ ಬೇಕು. ಅಂದ್ರೆ ನೀವು ಮೌನ ಅಂದ್ಕೊಂಡಿದ್ದು ಕಾಕ್‌ಪಿಟ್ ಒಳಗೆ ಮೌನವೇ ಅಲ್ಲ, ಅಲ್ಲಿ ಇಬ್ಬರೂ ಒಂದು ಸೆಕೆಂಡ್ ಬಿಡದೆ ಮಾತಾಡ್ತಾ ಇದ್ರು, ನಿಮ್ಮ ಜೊತೆ ಅಲ್ಲ ಅಷ್ಟೇ.

ಫ್ಲೈಯಿಂಗ್ ಕಲಿಯೋಕೆ ಬಂದವರಿಗೆ ಮೊದಲ ವಾರದಲ್ಲೇ ಹೇಳಿಕೊಡೋ ಒಂದು ಕ್ರಮ ಇದೆ: ಮೊದಲು ಪ್ಲೇನ್ ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. ಈ ಮೂರನೇದ್ರಲ್ಲೂ ಸರದಿ ಇದೆ, ಮೊದಲು ಎಟಿಸಿ, ಆಮೇಲೆ ಕ್ಯಾಬಿನ್ ಕ್ರೂ, ಕೊನೇಲಿ ಪ್ರಯಾಣಿಕರು. ಬೇಜಾರು ಮಾಡ್ಕೋಬೇಡಿ, ಕೊನೇಲಿ ಇಟ್ಟಿರೋದು ಲೆಕ್ಕಕ್ಕಿಲ್ಲ ಅಂತ ಅಲ್ಲ, ಮೊದಲ ಎರಡು ಸರಿ ಇದ್ರೇನೇ ನೀವು ಸರಿ ಇರ್ತೀರಿ ಅಂತ.

ರೂಲ್ ಬಗ್ಗೆ ಕೇಳಿದ್ರಿ. ಇದು ಸ್ವಲ್ಪ ಮಜಾ ಇದೆ, ಯಾಕಂದ್ರೆ ಪೈಲಟ್ ಮಾತಾಡ್ಲೇಬೇಕು ಅನ್ನೋ ರೂಲಿಗಿಂತ ಮಾತಾಡ್ಬಾರ್ದು ಅನ್ನೋ ರೂಲೇ ಹೆಚ್ಚು ಗಟ್ಟಿ. 1974ರ ಸೆಪ್ಟೆಂಬರಲ್ಲಿ ಅಮೆರಿಕದ ಶಾರ್ಲೆಟ್ ಹತ್ರ ಈಸ್ಟರ್ನ್ ಏರ್‌ಲೈನ್ಸ್‌ನ ಡಿಸಿ-9 ವಿಮಾನ ಒಂದು ಮಂಜಲ್ಲಿ ಇಳಿಯೋಕೆ ಹೋಗಿ ರನ್‌ವೇಗಿಂತ ಮುಂಚೇನೇ ನೆಲಕ್ಕೆ ಬಡೀತು, 70ಕ್ಕೂ ಹೆಚ್ಚು ಜನ ಸತ್ರು. ಕಾಕ್‌ಪಿಟ್ ಮಾತು ದಾಖಲಿಸೋ ವಾಯ್ಸ್ ರೆಕಾರ್ಡರ್ ಕೇಳಿದ್ರೆ ಪೈಲಟ್‌ಗಳು ಕೆಳಗೆ ಇಳೀತಾ ಇದ್ದ ಹೊತ್ತಲ್ಲಿ ರಾಜಕೀಯ, ಹಳೇ ಕಾರು ಅಂತ ಹರಟೆ ಹೊಡೀತಿದ್ರು, ಎತ್ತರದ ಮೇಲೆ ಗಮನ ಇರಲಿಲ್ಲ. ಇಂಥವೇ ಇನ್ನಷ್ಟು ಆದ್ಮೇಲೆ 1981ರಲ್ಲಿ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಒಂದು ನಿಯಮ ತಂತು, ಸ್ಟೆರೈಲ್ ಕಾಕ್‌ಪಿಟ್ ಅಂತಾರೆ. ನೆಲದ ಮೇಲೆ ಚಲಿಸುವಾಗ, ಏರುವಾಗ, ಇಳಿಯುವಾಗ, ಸ್ಥೂಲವಾಗಿ 10,000 ಅಡಿಗಿಂತ ಕೆಳಗೆ, ಹಾರಾಟದ ಸುರಕ್ಷತೆಗೆ ಬೇಡದ ಒಂದು ಮಾತೂ ಆಡಂಗಿಲ್ಲ, ಬೇಡದ ಒಂದು ಕೆಲಸವೂ ಮಾಡಂಗಿಲ್ಲ. ಆ ನಿಯಮದ ಒಳಗೇ ಉದಾಹರಣೆ ಕೊಟ್ಟು ಬರೆದಿದಾರೆ, ಏನು ಗೊತ್ತಾ, ಪ್ರಯಾಣಿಕರಿಗೆ ಕಂಪನಿ ಬಗ್ಗೆ ಪ್ರಚಾರ ಮಾಡೋ ಅನೌನ್ಸ್‌ಮೆಂಟು, ಕಿಟಕಿಯಲ್ಲಿ ಕಾಣೋ ಜಾಗ ತೋರಿಸೋ ಅನೌನ್ಸ್‌ಮೆಂಟು, ಎರಡನ್ನೂ ಹೆಸರು ಹಿಡಿದು ಬೇಡ ಅಂದಿದಾರೆ. ಅಂದ್ರೆ ಯಾರೋ ಮಾಡ್ತಾ ಇದ್ರು ಅಂತಾನೇ ಅರ್ಥ! ಬೇರೆ ದೇಶಗಳಲ್ಲೂ ಹೆಚ್ಚೂಕಮ್ಮಿ ಇದೇ ಪದ್ಧತಿ ಈಗ.

ಮಾತಾಡ್ಲೇಬೇಕು ಅನ್ನೋ ಕಡೆ ಇರೋದು ಚಿಕ್ಕ ಚಿಕ್ಕವು. ಅಮೆರಿಕದಲ್ಲಿ ಟೇಕಾಫ್ ಆದ್ಮೇಲೆ ಸೀಟ್‌ಬೆಲ್ಟ್ ದೀಪ ಆರಿಸೋ ಹೊತ್ತಲ್ಲಿ, ದೀಪ ಆರಿದ್ರೂ ಕೂತಿರುವಾಗ ಬೆಲ್ಟ್ ಹಾಕ್ಕೊಂಡೇ ಇರಿ ಅಂತ ಹೇಳ್ಲೇಬೇಕು, ಅದನ್ನ ಪೈಲಟ್ಟೇ ಹೇಳ್ಬೇಕು ಅಂತಿಲ್ಲ. ಹೊರಡದೆ ನೆಲದ ಮೇಲೆ ನಿಂತು 30 ನಿಮಿಷ ಮೀರಿದ್ರೆ ಒಳಗಿರೋರಿಗೆ ಯಾಕೆ ಏನು ಅಂತ ತಿಳಿಸ್ಬೇಕು. ಬಾಕಿದೆಲ್ಲಾ ಕಂಪನಿ ಪದ್ಧತಿ, ಆಮೇಲೆ ಆ ಕ್ಯಾಪ್ಟನ್‌ದು ಎಂಥಾ ಸ್ವಭಾವ ಅನ್ನೋದು. ಹಾಗಾಗಿ ಒಂದು ಫ್ಲೈಟಲ್ಲಿ ಮಾತಿನ ಮಲ್ಲ ಸಿಗ್ತಾರೆ, ಇನ್ನೊಂದ್ರಲ್ಲಿ ಮೌನವ್ರತ.

ಸರಿ, ಹಾಗಾದ್ರೆ ನಾನು ಮಾತಾಡ್ಬೇಕು ಅಂದಿದ್ದು ಯಾಕೆ? ಜನಕ್ಕೆ ಧೈರ್ಯ ಬರುತ್ತೆ ಅನ್ನೋದಕ್ಕಿಂತ ದೊಡ್ಡ ಕಾರಣ ಇದೆ, ಮತ್ತು ಇದನ್ನ ಹೇಳೋಕೆ ನಾನು ಟ್ರೇನಿಂಗಲ್ಲಿ ಯಾವಾಗ್ಲೂ ಒಂದೇ ಕೇಸ್ ತಗೊಳ್ತಿದ್ದೆ. 1989 ಜನವರಿ 8, ಬ್ರಿಟಿಷ್ ಮಿಡ್‌ಲ್ಯಾಂಡ್ ಕಂಪನಿಯ ಬೋಯಿಂಗ್ 737-400, ಲಂಡನ್ ಹೀಥ್ರೋದಿಂದ ಬೆಲ್‌ಫಾಸ್ಟ್‌ಗೆ ಹೊರಟಿದ್ದು, ಒಳಗೆ 126 ಜನ. ಮೇಲೇರ್ತಾ ಇದ್ದಾಗ ಎಡಗಡೆ ಇಂಜಿನ್ನಿನ ಫ್ಯಾನ್ ಬ್ಲೇಡ್ ಒಂದು ಮುರೀತು. ಇಡೀ ಪ್ಲೇನ್ ಗಡಗಡ ಅಂತ ನಡುಗ್ತು, ಹೊಗೆ ವಾಸನೆ ಬಂತು. ಪೈಲಟ್‌ಗಳು ಕೆಟ್ಟಿರೋದು ಬಲಗಡೆದು ಅಂದ್ಕೊಂಡ್ರು, ಅದನ್ನ ಆಫ್ ಮಾಡಿದ್ರು. ದುರದೃಷ್ಟ ನೋಡಿ, ಅದೇ ಹೊತ್ತಿಗೆ ಎಡಗಡೆ ಇಂಜಿನ್ನಿಗೆ ಹೋಗ್ತಿದ್ದ ಇಂಧನ ಕಮ್ಮಿಯಾಗಿ ನಡುಕ, ಹೊಗೆ ಎರಡೂ ತಗ್ಗಿಬಿಡ್ತು, ಹಾಗಾಗಿ ನಾವು ಮಾಡಿದ್ದೇ ಸರಿ ಅನ್ನೋ ನಂಬಿಕೆ ಗಟ್ಟಿಯಾಯ್ತು.

ಆಮೇಲೆ ಕ್ಯಾಪ್ಟನ್ ಏನು ಮಾಡ್ಬೇಕೋ ಅದನ್ನೇ ಮಾಡಿದ್ರು, ಪ್ರಯಾಣಿಕರಿಗೆ ಅನೌನ್ಸ್ ಮಾಡಿದ್ರು. ಬಲಗಡೆ ಇಂಜಿನ್ನಲ್ಲಿ ತೊಂದ್ರೆ ಬಂದು ಹೊಗೆ ಬಂತು, ಈಗ ಅದನ್ನ ಆಫ್ ಮಾಡಿದೀವಿ, ಈಸ್ಟ್ ಮಿಡ್‌ಲ್ಯಾಂಡ್ಸ್ ಏರ್‌ಪೋರ್ಟ್‌ನಲ್ಲಿ ಇಳೀತೀವಿ ಅಂತ. ಹಿಂದೆ ಕೂತಿದ್ದ ಎಷ್ಟೋ ಜನ ಎಡಗಡೆ ಇಂಜಿನ್ನಿಂದ ಬೆಂಕಿ ಕಿಡಿ ಬಂದಿದ್ದನ್ನ ಕಣ್ಣಾರೆ ನೋಡಿದ್ರು, ಕ್ಯಾಬಿನ್ ಕ್ರೂನಲ್ಲೂ ಮೂರು ಜನ ನೋಡಿದ್ರು. ಬಲ ಅಂತ ಹೇಳಿದ್ದು ಕೆಲವರ ಕಿವಿಗೆ ಬಿತ್ತು, ಇದೇನಪ್ಪ ಅಂತ ಅನ್ನಿಸ್ತು ಕೂಡ. ಆದ್ರೆ ಒಬ್ಬರೂ ಹೋಗಿ ಹೇಳಲಿಲ್ಲ! ಅಷ್ಟು ಓದಿದೋರು, ಅವರಿಗೆ ಗೊತ್ತಿರಲ್ವಾ, ನಾವು ಯಾರು ಹೇಳೋಕೆ ಅಂತ ಸುಮ್ನಾದ್ರು. ಇಳಿಯೋ ಹೊತ್ತಲ್ಲಿ ಪವರ್ ಜಾಸ್ತಿ ಮಾಡಿದಾಗ ಕೆಟ್ಟಿದ್ದ ಎಡ ಇಂಜಿನ್ ಪೂರ್ತಿ ಕೈಕೊಡ್ತು, ರನ್‌ವೇ ಮುಟ್ಟೋಕೆ ಸ್ವಲ್ಪ ಮುಂಚೆ ಕೆಗ್‌ವರ್ತ್ ಅನ್ನೋ ಹಳ್ಳಿ ಪಕ್ಕ ಹೆದ್ದಾರಿಯ ದಿಬ್ಬಕ್ಕೆ ಬಡೀತು. 47 ಜನ ಹೋದ್ರು.

ಇದನ್ನ ಕೇಳಿದವರು ಮೊದಲು ಪೈಲಟ್‌ಗಳನ್ನ ಬೈತಾರೆ, ಅದು ಬೇರೆ ಚರ್ಚೆ, ಹೊಸ ಮಾಡೆಲ್ಲು, ಸಣ್ಣ ಮೀಟರು, ಟ್ರೇನಿಂಗ್ ಕೊರತೆ ಎಲ್ಲಾ ಇತ್ತು. ನಾನು ನೋಡೋದು ಆ ಅನೌನ್ಸ್‌ಮೆಂಟನ್ನ. ತಪ್ಪು ಇಂಜಿನ್ ಆಫ್ ಆಗಿದೆ ಅನ್ನೋದು ಕಂಡುಹಿಡಿಯೋಕೆ ಅದು ಒಂದು ಒಳ್ಳೇ ದಾರಿ ಆಗಿತ್ತು. ಕ್ಯಾಪ್ಟನ್ ಬಾಯಿಬಿಟ್ಟು ಬಲ ಅಂದಿದ್ದಕ್ಕೇ ತಾನೇ ಹಿಂದಿನೋರಿಗೆ ಇವರ ತಲೇಲಿ ಏನಿದೆ ಅಂತ ಗೊತ್ತಾಗಿದ್ದು? ಅವರು ಸುಮ್ನೆ ಒಂದು ತಾಂತ್ರಿಕ ತೊಂದ್ರೆ ಅಂದಿದ್ರೆ ಹಿಂದಿನೋರಿಗೆ ಆ ಅನುಮಾನಾನೂ ಬರ್ತಿರಲಿಲ್ಲ. ಮಾತು ಒಂದು ಕಡೆಯಿಂದ ಹೋಯ್ತು, ಆ ಕಡೆಯಿಂದ ವಾಪಸ್ ಬರಲಿಲ್ಲ, ಅಲ್ಲೇ ತೊಡಕಾಗಿದ್ದು. ಅದಕ್ಕೇ ಈಗ ಪೈಲಟ್‌ಗಳನ್ನೂ ಕ್ಯಾಬಿನ್ ಕ್ರೂನೂ ಒಟ್ಟಿಗೆ ಕೂರಿಸಿ ಟ್ರೇನಿಂಗ್ ಕೊಡ್ತಾರೆ, ಹಿಂದೆ ಏನು ಕಂಡ್ರೂ ಸಂಕೋಚ ಇಲ್ಲದೆ ಫೋನ್ ಎತ್ತಿ ಹೇಳಿ ಅಂತ.

ಇದಕ್ಕೆ ಉಲ್ಟಾ ಕೇಸೂ ಇದೆ. 2010 ನವೆಂಬರ್ 4, ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ಫ್ಲೈಟ್ 32, ದೊಡ್ಡ ಎ380 ವಿಮಾನ, 469 ಜನ. ಸಿಂಗಾಪುರದಿಂದ ಹೊರಟ ಸ್ವಲ್ಪ ಹೊತ್ತಿಗೆ ಎಡಗಡೆ ಒಂದು ಇಂಜಿನ್ ಒಡೆದು ಚೂರುಗಳು ರೆಕ್ಕೆಯನ್ನೇ ತೂರಿಕೊಂಡು ಹೋದ್ವು. ಕಾಕ್‌ಪಿಟ್ ಸ್ಕ್ರೀನ್ ಮೇಲೆ ಒಂದಾದ ಮೇಲೊಂದು ಎಚ್ಚರಿಕೆ, ಅದನ್ನೆಲ್ಲಾ ಒಂದೊಂದಾಗಿ ನೋಡಿ ಮುಗಿಸೋಕೇ ಸುಮಾರು 50 ನಿಮಿಷ ಹಿಡೀತು. ಕಾಕ್‌ಪಿಟ್‌ನಲ್ಲಿದ್ದ ಇನ್ನೊಬ್ಬ ಪೈಲಟ್ ಆದ ಸೆಕೆಂಡ್ ಆಫೀಸರ್ ಏನಾಗಿದೆ ನೋಡ್ಕೊಂಡು ಬರೋಣ ಅಂತ ಹಿಂದೆ ಬಂದ್ರು, ಅಲ್ಲಿ ಪ್ರಯಾಣಿಕರಾಗಿ ಕೂತಿದ್ದ ಅದೇ ಕಂಪನಿಯ ಇನ್ನೊಬ್ಬ ಪೈಲಟ್ ಸೀಟಿನ ಟಿವಿ ಸ್ಕ್ರೀನ್ ತೋರಿಸಿದ್ರು, ಬಾಲದ ಮೇಲಿನ ಕ್ಯಾಮೆರಾದಲ್ಲಿ ಎಡ ರೆಕ್ಕೆಯಿಂದ ಏನೋ ಸೋರ್ತಾ ಇರೋದು ಕಾಣ್ತಿತ್ತು. ಅಲ್ಲಿ ಹಿಂದಿನ ಕಣ್ಣು ಮುಂದಿನೋರಿಗೆ ಉಪಯೋಗಕ್ಕೆ ಬಂತು. ಎಲ್ಲರೂ ಉಳಿದ್ರು. ಇಳಿದಾದ್ಮೇಲೆ ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಟರ್ಮಿನಲ್‌ನಲ್ಲಿ ಪ್ರಯಾಣಿಕರ ಮುಂದೆ ನಿಂತು ಏನಾಯ್ತು ಅಂತ ಪೂರ್ತಿ ವಿವರಿಸಿ ತಮ್ಮ ಸ್ವಂತ ಫೋನ್ ನಂಬರನ್ನೂ ಕೊಟ್ರು. ಎಲ್ಲರಿಂದ ಇದು ಆಗಲ್ಲ, ಆಗ್ಬೇಕು ಅಂತಾನೂ ನಾನು ಹೇಳಲ್ಲ, ಆದ್ರೆ ಆ ಮನುಷ್ಯನ ಮೇಲೆ ನಂಗೆ ಭಾಳ ಗೌರವ.

ಹೇಗೆ ಹೇಳ್ಬೇಕು ಅನ್ನೋದು ಇನ್ನೊಂದು. ತೊಂದ್ರೆ ಬಂದಾಗ ಕ್ಯಾಪ್ಟನ್ ಮೊದಲು ಕ್ಯಾಬಿನ್ ಕ್ರೂ ಮುಖ್ಯಸ್ಥರಿಗೆ ನಾಲ್ಕು ವಿಷಯ ಹೇಳ್ತಾರೆ: ತೊಂದ್ರೆ ಏನು, ನಾವು ಏನು ಮಾಡ್ತೀವಿ, ಎಷ್ಟು ಟೈಮ್ ಇದೆ, ವಿಶೇಷ ಸೂಚನೆ ಏನಾದ್ರೂ ಇದ್ಯಾ. ಕೇಳಿದವರು ಅದನ್ನ ವಾಪಸ್ ಒಪ್ಪಿಸ್ಬೇಕು, ತಪ್ಪು ಕೇಳಿಸ್ಕೊಂಡಿಲ್ಲ ಅಂತ ಗೊತ್ತಾಗೋಕೆ. ಪ್ರಯಾಣಿಕರಿಗೂ ಇದೇ ನಾಲ್ಕು ಸಾಕು, ಭಾಷೆ ಸ್ವಲ್ಪ ಮೆತ್ತಗೆ. ಸುಳ್ಳು ಮಾತ್ರ ಹೇಳ್ಬಾರ್ದು. ಕಿಟಕಿಯಲ್ಲಿ ಹೊಗೆ ಕಾಣ್ತಾ ಇರುವಾಗ ಎಲ್ಲಾ ನಾರ್ಮಲ್ ಅಂದ್ರೆ ಆಮೇಲೆ ನೀವು ಬೆಲ್ಟ್ ಹಾಕಿ ಅಂದ್ರೂ ಯಾರೂ ನಂಬಲ್ಲ.

1982 ಜೂನ್ 24ರ ರಾತ್ರಿ ಇಂಡೋನೇಷ್ಯಾದ ಜಾವಾ ಹತ್ರ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ ಜ್ವಾಲಾಮುಖಿ ಬೂದಿ ಒಳಗೆ ನುಗ್ಗಿ ನಾಲ್ಕೂ ಇಂಜಿನ್ ನಿಂತಾಗ ಕ್ಯಾಪ್ಟನ್ ಎರಿಕ್ ಮೂಡಿ ಹೇಳಿದ್ದು ಈಗ್ಲೂ ಎಲ್ಲಾ ಕಡೆ ಓಡಾಡುತ್ತೆ: ಒಂದು ಸಣ್ಣ ತೊಂದ್ರೆ ಇದೆ, ನಾಲ್ಕೂ ಇಂಜಿನ್ ನಿಂತಿವೆ, ಮತ್ತೆ ಸ್ಟಾರ್ಟ್ ಮಾಡೋಕೆ ನಮ್ಮ ಕೈಲಾದಷ್ಟೂ ಮಾಡ್ತಾ ಇದೀವಿ, ನಿಮಗೆ ಹೆಚ್ಚು ಕಷ್ಟ ಆಗ್ತಿಲ್ಲ ಅಂದ್ಕೊಳ್ತೀನಿ ಅಂತ. ಎಲ್ಲರೂ ಆ ಸಣ್ಣ ತೊಂದ್ರೆ ಅನ್ನೋದಕ್ಕೆ ನಗ್ತಾರೆ. ಆದ್ರೆ ಗಮನಿಸಿ, ಅದ್ರಲ್ಲಿ ಸುಳ್ಳಿಲ್ಲ, ಮುಚ್ಚಿಟ್ಟಿದ್ದೂ ಇಲ್ಲ. ಇಂಜಿನ್‌ಗಳು ಮತ್ತೆ ಶುರುವಾಗಿ ಜಕಾರ್ತದಲ್ಲಿ ಇಳಿದ್ರು, ಅದು ನಿಮಗೆ ಗೊತ್ತಿರುತ್ತೆ.

2009 ಜನವರಿ 15ರಂದು ಹಕ್ಕಿಗಳು ಬಡಿದು ಇಂಜಿನ್ ಕೈಕೊಟ್ಟ ಪ್ಲೇನನ್ನ ನ್ಯೂಯಾರ್ಕ್‌ನ ಹಡ್ಸನ್ ನದಿಗೆ ಇಳಿಸಿದ ಕೇಸಲ್ಲಿ ಅಷ್ಟು ಮಾತಿಗೂ ಟೈಮ್ ಇರಲಿಲ್ಲ. ಹಕ್ಕಿ ಬಡಿದಾಗಿಂದ ನೀರಿಗೆ ಇಳಿಯೋವರೆಗೆ ಇದ್ದಿದ್ದು ಮೂರೂವರೆ ನಿಮಿಷ ಅಷ್ಟೇ. ಅದ್ರಲ್ಲಿ ಮೊದಲ ಎರಡು ನಿಮಿಷ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಪ್ರಯಾಣಿಕರಿಗೆ ಏನೂ ಹೇಳಲಿಲ್ಲ, ನೀರು ಮುಟ್ಟೋಕೆ ಸುಮಾರು 90 ಸೆಕೆಂಡ್ ಇದ್ದಾಗ ಎರಡೇ ಮಾತು, ನಾನು ಕ್ಯಾಪ್ಟನ್, ಬಡಿತಕ್ಕೆ ಸಿದ್ಧರಾಗಿ. ಅಷ್ಟು ಕೇಳಿದ್ದೇ ತಡ ಕ್ಯಾಬಿನ್ ಕ್ರೂ ಒಂದೇ ಲಯದಲ್ಲಿ ತಲೆ ತಗ್ಗಿಸಿ, ತಲೆ ತಗ್ಗಿಸಿ ಅಂತ ಕೂಗೋಕೆ ಶುರು ಮಾಡಿದ್ರು. 155 ಜನಾನೂ ಬದುಕಿದ್ರು. ನೀರಿಗೆ ಇಳೀತೀವಿ ಅನ್ನೋದು ಅನೌನ್ಸ್‌ಮೆಂಟಲ್ಲಿ ಇರಲಿಲ್ಲ ಅಂತ ಕೆಲವರು ಕೊರತೆ ತೆಗೀತಾರೆ, ಇರಬಹುದು, ಆದ್ರೆ ಆ 90 ಸೆಕೆಂಡಲ್ಲಿ ಇನ್ನೊಂದು ವಾಕ್ಯಕ್ಕೆ ಹೋಗಿದ್ರೆ ಪ್ಲೇನಿಂದ ಎಷ್ಟು ಗಮನ ಹೋಗ್ತಿತ್ತು ಅನ್ನೋದು ಕೂತು ಮಾತಾಡೋರಿಗೆ ಅರ್ಥ ಆಗಲ್ಲ.

ಇನ್ನು ದಿನಾ ಆಗೋ ವಿಷಯಕ್ಕೆ ಬರ್ತೀನಿ, ಟರ್ಬುಲೆನ್ಸ್, ಅಂದ್ರೆ ಗಾಳಿಗೆ ಪ್ಲೇನ್ ಕುಲುಕೋದು. ನನ್ನ ಪ್ರಕಾರ ಪೈಲಟ್ ಖುದ್ದಾಗಿ ಮಾತಾಡ್ಲೇಬೇಕಾದ ಜಾಗ ಅಂದ್ರೆ ಇದೇ, ಆದ್ರೆ ಕುಲುಕಾಟ ಶುರುವಾದ್ಮೇಲೆ ಅಲ್ಲ, ಮುಂಚೆ. ಹವಾಮಾನದ ಚಾರ್ಟು, ಮುಂದೆ ಹೋದ ಪ್ಲೇನ್‌ನವರ ರಿಪೋರ್ಟು, ರೇಡಾರು ಎಲ್ಲಾ ನೋಡಿ ಎಷ್ಟೋ ಸಲ ಮೊದಲೇ ಗೊತ್ತಾಗುತ್ತೆ. ಇನ್ನು 20 ನಿಮಿಷಕ್ಕೆ ಸ್ವಲ್ಪ ಅಲುಗಾಟ ಇದೆ, ಕಾಲು ಗಂಟೆ ಇರಬಹುದು, ಟಾಯ್ಲೆಟ್‌ಗೆ ಹೋಗೋರು ಈಗ್ಲೇ ಹೋಗಿ ಬನ್ನಿ ಅಂತ ಹೇಳಿದ್ರೆ ಸಾಕು, ಭಯ ಅರ್ಧ ಇಳಿಯುತ್ತೆ, ಯಾಕಂದ್ರೆ ಹೇಳಿದ್ದು ಹೇಳಿದಂಗೇ ಆದ್ರೆ ಮುಂದಿರೋರಿಗೆ ಎಲ್ಲಾ ಗೊತ್ತಿದೆ ಅನ್ಸುತ್ತೆ. ಬರೀ ಟಿಣ್ ಅಂತ ದೀಪ ಹಾಕಿದ್ರೆ ಜನ ಕಣ್ಣೆತ್ತಿಯೂ ನೋಡಲ್ಲ. ಗೊತ್ತಿಲ್ಲದೆ ಬರೋದೂ ಇದೆ. 2024 ಮೇ 21ರಂದು ಲಂಡನ್‌ನಿಂದ ಸಿಂಗಾಪುರಕ್ಕೆ ಹೋಗ್ತಿದ್ದ ಸಿಂಗಾಪುರ್ ಏರ್‌ಲೈನ್ಸ್ 321, ಮ್ಯಾನ್ಮಾರ್ ಮೇಲೆ, 37,000 ಅಡಿ. ಬೆಲ್ಟ್ ದೀಪ ಹಾಕಿದೀವಿ ಅಂತ ಪೈಲಟ್ ಹೇಳಿ ಸುಮಾರು 8 ಸೆಕೆಂಡಿಗೆ ಪ್ಲೇನ್ ಕುಸೀತು, 4.6 ಸೆಕೆಂಡಲ್ಲಿ 178 ಅಡಿ. ಬೆಲ್ಟ್ ಇಲ್ಲದೆ ಇದ್ದೋರು ಸೀಲಿಂಗಿಗೆ ಹೋಗಿ ಬಡಿದ್ರು, ಒಬ್ಬರು ತೀರಿಕೊಂಡ್ರು, ಎಷ್ಟೋ ಜನಕ್ಕೆ ಬೆನ್ನು ಕುತ್ತಿಗೆ ಪೆಟ್ಟು. 8 ಸೆಕೆಂಡಲ್ಲಿ ನಿದ್ದೆಯಿಂದ ಎದ್ದು ಬೆಲ್ಟ್ ಹುಡುಕಿ ಹಾಕೋಕಾಗುತ್ತಾ? ಅದಕ್ಕೇ ಕ್ಯಾಪ್ಟನ್ ಶುರುವಲ್ಲೇ, ಏನೂ ಆಗದೆ ಇರುವಾಗ್ಲೇ, ಬೆಲ್ಟ್ ಸಡಿಲ ಮಾಡ್ಕೊಳ್ಳಿ ಆದ್ರೆ ತೆಗೀಬೇಡಿ ಅಂತ ತಮ್ಮ ಬಾಯಲ್ಲೇ ಹೇಳ್ಬೇಕು ಅನ್ನೋದು ನನ್ನ ಹಟ.

ಶುರುವಲ್ಲಿ ಮಾತಾಡೋದಕ್ಕೆ ಇನ್ನೊಂದು ಲಾಭಾನೂ ಇದೆ. ಬಾಗಿಲು ಹಾಕೋಕೆ ಮುಂಚೆ ಅರ್ಧ ನಿಮಿಷ, ನನ್ನ ಹೆಸರು ಇದು, ಇಷ್ಟು ಹೊತ್ತಿನ ಪ್ರಯಾಣ, ದಾರೀಲಿ ಹವಾಮಾನ ಹೀಗಿದೆ. ಆ ಧ್ವನಿ ಒಮ್ಮೆ ಕಿವಿಗೆ ಬಿದ್ದಿದ್ರೆ ಮುಂದೆ ಏನಾದ್ರೂ ಆದಾಗ ಅದೇ ಧ್ವನಿ ಪರಿಚಯದ್ದು ಅನ್ಸುತ್ತೆ. ಇಡೀ ದಾರಿ ಸುಮ್ನಿದ್ದು ಮೊದಲ ಸಲ ಬಾಯಿಬಿಟ್ಟಿದ್ದೇ ಕೆಟ್ಟ ಸುದ್ದಿಗೆ ಅಂದ್ರೆ ಎದೆ ಧಸಕ್ ಅನ್ನುತ್ತೆ.

ಡಿಲೇ ಬಗ್ಗೆ ಹೆಚ್ಚು ಹೇಳಲ್ಲ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ, ಕಾಲು ಗಂಟೆಗೆ ಮತ್ತೆ ಹೇಳ್ತೀನಿ ಅಂದ್ರೆ ಹೊಸದೇನೂ ಇಲ್ಲದಿದ್ರೂ ಕಾಲು ಗಂಟೆಗೆ ಮೈಕ್ ಎತ್ತಿ. ಇನ್ನೇನು ಹೊರಟ್ವಿ ಅಂತ ಮೂರು ಸಲ ಹೇಳಿ ಹೊರಡದೆ ಇದ್ರೆ ಕ್ಯಾಬಿನ್ ಕ್ರೂ ಪಾಡು ಯಾರಿಗೂ ಬೇಡ, ಬೈಗುಳ ತಿನ್ನೋರು ಅವರು ತಾನೇ.

ಬೇಡದ ಮಾತು ಅಂದ್ರೆ ಮಧ್ಯರಾತ್ರಿ ಎಲ್ಲರೂ ಮಲಗಿರುವಾಗ ಎಡಗಡೆ ಕಿಟಕಿಯಲ್ಲಿ ಇಂಥ ಊರಿನ ದೀಪ ಕಾಣ್ತಿದೆ ಅನ್ನೋದು. ಬಲಗಡೆ ಕೂತೋರಿಗೆ ಅದೂ ಇಲ್ಲ. ಎತ್ತರ, ಹೊರಗಿನ ಟೆಂಪರೇಚರ್, ಸ್ಪೀಡು ಎಲ್ಲಾ ಈಗ ಸೀಟಿನ ಮುಂದಿನ ಮ್ಯಾಪಲ್ಲೇ ಬರುತ್ತೆ, ಅದನ್ನ ಓದಿ ಹೇಳೋಕೆ ನಡುವೆ ಎಲ್ಲರ ಸಿನಿಮಾ ನಿಲ್ಲಿಸೋದು ಯಾಕೆ. ಮಾತಾಡೋದು ಪುಕ್ಕಟೆ ಕೆಲಸ ಅಲ್ಲ ಅನ್ನೋದನ್ನೂ ಮರೀಬೇಡಿ. ಒಬ್ಬರು ಮೈಕ್ ಹಿಡಿದ್ರೆ ಅಷ್ಟು ಹೊತ್ತು ಹಾರಿಸೋದು, ರೇಡಿಯೋ ಕೇಳೋದು ಎರಡೂ ಇನ್ನೊಬ್ಬರ ತಲೆ ಮೇಲೆ, ಒಬ್ಬರನ್ನೊಬ್ಬರು ಚೆಕ್ ಮಾಡೋದು ಅಷ್ಟು ಹೊತ್ತು ಇರಲ್ಲ. ಬಟನ್ ತಪ್ಪಿ ಒತ್ತೋದು ಬೇರೆ. ಪ್ರಯಾಣಿಕರಿಗೆ ಅಂತ ಶುರು ಮಾಡಿದ ಸ್ವಾಗತ ಭಾಷಣ ಪೂರ್ತಿ ಎಟಿಸಿ ಫ್ರೀಕ್ವೆನ್ಸಿಯಲ್ಲಿ ಹೋಗೋದು ನಮ್ಮ ಲೈನಲ್ಲಿ ಎಲ್ಲರೂ ಕೇಳಿರೋ ಕಾಮಿಡಿ, ಅದು ಮುಗಿದ ತಕ್ಷಣ ಸುತ್ತಮುತ್ತ ಇರೋ ಬೇರೆ ಪೈಲಟ್‌ಗಳು ಥ್ಯಾಂಕ್ಯೂ ಕ್ಯಾಪ್ಟನ್, ಕಾಫಿ ಯಾವಾಗ ಕೊಡ್ತೀರಾ ಅಂತ ಕಾಲೆಳೀತಾರೆ. ನಗು ಬರುತ್ತೆ, ಆದ್ರೆ ಆ ಅರ್ಧ ನಿಮಿಷ ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರೂ ಮಾತಾಡೋಕಾಗಲ್ಲ ಅನ್ನೋದು ನಗೋ ವಿಷಯ ಅಲ್ಲ.

ಹಾಗಂತ ಪ್ರತಿ ಫ್ಲೈಟಲ್ಲೂ ಇಷ್ಟು ಸಲ ಮಾತಾಡ್ಲೇಬೇಕು ಅಂತ ಕಾನೂನು ಮಾಡಿದ್ರೆ ಏನಾಗುತ್ತೆ ಹೇಳ್ತೀನಿ, ಎಲ್ಲರೂ ಕಾರ್ಡ್ ನೋಡ್ಕೊಂಡು ಒಂದೇ ಉಸಿರಲ್ಲಿ ಓದಿ ಮುಗಿಸ್ತಾರೆ, ನೀವು ಸುರಕ್ಷತೆ ಡೆಮೊ ಹೊತ್ತಲ್ಲಿ ಮಾಡೋ ಹಾಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಳ್ತೀರಿ. ನನ್ನ ಮಟ್ಟಿಗೆ ಕಡ್ಡಾಯ ಅಂತ ಇರ್ಬೇಕಾದ್ದು ಮೂರೇ: ಹೊರಡೋ ಮುಂಚೆ ಒಂದು ಸಲ, ಗೊತ್ತಿರೋ ಟರ್ಬುಲೆನ್ಸಿಗೆ ಮುಂಚೆ, ಆಮೇಲೆ ಗೋ ಅರೌಂಡೋ ಡೈವರ್ಶನ್ನೋ (ಬೇರೆ ಊರಲ್ಲಿ ಇಳಿಯೋದು) ಏನಾದ್ರೂ ಮಾಮೂಲಿಗಿಂತ ಬೇರೆ ಆದ್ರೆ ಕೈ ಬಿಡುವಾದ ತಕ್ಷಣ. ನಿಮ್ಮ ಫ್ಲೈಟಲ್ಲಿ ಐದಾರು ನಿಮಿಷ ಆದ್ಮೇಲೆ ಅವರು ಹೇಳಿದ್ರು ಅಂದ್ರೆ ಅವರು ಸರಿಯಾಗೇ ಮಾಡಿದಾರೆ. ಇಳಿದ್ಮೇಲೂ ಏನೂ ಹೇಳ್ದೇನೇ ಬಾಗಿಲು ತೆಗೆದ್ರು ಅಂದ್ರೆ ಕಂಪನಿಗೆ ಬರೀರಿ, ಪೈಲಟ್ ಮೇಲೆ ಕಂಪ್ಲೇಂಟ್ ಅಂತ ಅಲ್ಲ, ಹೇಳಬಹುದಿತ್ತು ಅಂತ. ಅಂಥ ಪತ್ರಗಳು ಟ್ರೇನಿಂಗ್ ಡಿಪಾರ್ಟ್‌ಮೆಂಟಿಗೆ ಬರೋದೂ ಇದೆ, ಓದೋದೂ ಇದೆ.

ಮುಂದಿನ ಸಲ ಹತ್ತುವಾಗ ಬಾಗಿಲಲ್ಲಿ ನಿಂತಿರೋ ಕ್ರೂಗೆ ನಂಗೆ ಹಾರೋಕೆ ಭಯ, ಇವತ್ತು ದಾರೀಲಿ ಕುಲುಕಾಟ ಇದ್ಯಾ ಅಂತ ಕೇಳಿ. ಅವರಿಗೆ ಹೊರಡೋ ಮುಂಚೆ ಕ್ಯಾಪ್ಟನ್ ಹವಾಮಾನದ ವಿಷಯ ಹೇಳೇ ಇರ್ತಾರೆ, ಎಷ್ಟೊತ್ತಿಗೆ ಎಷ್ಟು ಅಂತ ಹೇಳ್ತಾರೆ. ಕಿಟಕಿಯಲ್ಲಿ ಏನಾದ್ರೂ ಸರಿ ಇಲ್ಲ ಅನ್ನಿಸೋದು ಕಂಡ್ರೆ, ಅನೌನ್ಸ್‌ಮೆಂಟಲ್ಲಿ ಹೇಳಿದ್ದಕ್ಕೂ ನೀವು ನೋಡಿದ್ದಕ್ಕೂ ತಾಳೆ ಆಗ್ತಿಲ್ಲ ಅನ್ನಿಸಿದ್ರೆ, ಬೆಲ್ ಒತ್ತಿ ಕರೆದು ಎಡಗಡೆನಾ ಬಲಗಡೆನಾ ಅಂತ ಸೇರಿಸಿ ಹೇಳಿ. ಹತ್ತರಲ್ಲಿ ಒಂಬತ್ತು ಸಲ ಅದು ಏನೂ ಆಗಿರಲ್ಲ, ಮೋಡಕ್ಕೆ ರೆಕ್ಕೆ ದೀಪ ಬಡಿದು ಮಿಂಚಿದ ಹಾಗೆ ಕಂಡಿರುತ್ತೆ, ಕ್ರೂ ಯಾರೂ ಬೈಯಲ್ಲ.